ಎರಡು ಪಕ್ಷ, ನಾಲ್ಕು ತಾಲ್ಲೂಕು: ಪ್ರಾತಿನಿಧ್ಯದ ಒಂದು ವಿಮರ್ಶೆ

‘ಪ್ರತಿನಿಧಿ’ ಎಂಬ ಮಾತು ನಮ್ಮ ಶಾಸನಸಭೆಗಳಿಗಿಂತ ಬಹಳ ಹಳೆಯದು. ವಿಹಿತವಾದ ದ್ರವ್ಯ ದೊರೆಯದಿದ್ದಾಗ ಅದರ ಸ್ಥಾನದಲ್ಲಿ ಬಳಸುವ ವಸ್ತುವಿಗೆ ಪೂರ್ವಮೀಮಾಂಸೆಯಲ್ಲಿ ಪ್ರತಿನಿಧಿಯೆಂದು ಹೆಸರು. ಸೋಮಲತೆ ಸಿಗದಾಗ ಪೂತೀಕವನ್ನು ತರುವುದು ಪ್ರಸಿದ್ಧವಾದ ನಿದರ್ಶನ. ಅಲ್ಲಿಯ ಎರಡು ನಿಯಮಗಳು ನಮ್ಮ ಪ್ರಸ್ತುತ ವಿಚಾರಕ್ಕೆ ಬೇಕಾದವು. ಒಂದು, ಪ್ರತಿನಿಧಿಯಾದದ್ದು ಮೂಲವನ್ನು ಹೋಲಬೇಕು. ಇನ್ನೊಂದು, ದ್ರವ್ಯಕ್ಕೆ ಪ್ರತಿನಿಧಿಯುಂಟಾದರೂ, ಸಾಮಾನ್ಯ ಯಜ್ಞಗಳಲ್ಲಿ ಫಲಭಾಗಿಯಾದ ಯಜಮಾನನಿಗೆ ಪ್ರತಿನಿಧಿಯಿಲ್ಲ. ಚುನಾವಣೆಯ ಪ್ರಾತಿನಿಧ್ಯವನ್ನು ಈ ಎರಡು ಅಳತೆಗಳಿಂದ ಪರೀಕ್ಷಿಸುವುದು ಇಲ್ಲಿ ನಮ್ಮ ಉದ್ದೇಶ.

ದ್ವಿಪಕ್ಷ ಪದ್ಧತಿಯ ಮಾತು ಬಂದಾಗ ಅಮೆರಿಕಾ ದೇಶವನ್ನು ನೆನೆಯುವುದು ವಾಡಿಕೆ. ಅಧಿಕಾರದಿಂದ ನಿವೃತ್ತನಾಗಲು ನಿಶ್ಚಯಿಸಿದ ವಾಷಿಂಗ್ಟನ್ 1796ರಲ್ಲೇ ಪಕ್ಷಮನೋಭಾವದ ಕೇಡನ್ನು ಕುರಿತು ಎಚ್ಚರಿಸಿದ್ದನು. ಆದರೂ ಆ ದೇಶದ ರಾಜಕೀಯವು ಎರಡು ಪಕ್ಷಗಳ ನಡುವೆಯೇ ನೆಲೆಗೊಂಡಿತು. 1992ರ ಅಧ್ಯಕ್ಷ ಚುನಾವಣೆಯಲ್ಲಿ ಸ್ವತಂತ್ರನಾಗಿ ನಿಂತ ರಾಸ್ ಪೆರೋ ನೂರಕ್ಕೆ ಸುಮಾರು 19 ಮತಗಳನ್ನು ಪಡೆದರೂ ಒಬ್ಬನೇ ಒಬ್ಬ ಚುನಾಯಕನನ್ನೂ ಗಳಿಸಲಿಲ್ಲ. ಒಬ್ಬನೇ ಗೆಲ್ಲುವ, ಹೆಚ್ಚು ಮತ ಬಂದವನೇ ಗೆಲ್ಲುವ ಪದ್ಧತಿಯು ಎರಡು ಪಕ್ಷಗಳ ಕಡೆಗೆ ಒಲಿಯುತ್ತದೆಂದು ಫ್ರೆಂಚ್ ವಿದ್ವಾಂಸ ಮೋರಿಸ್ ದ್ಯುವರ್ಜೆ 1951ರಲ್ಲಿ ಪ್ರತಿಪಾದಿಸಿದನು. ನಮ್ಮ ಚುನಾವಣೆಗಳೂ ಅದೇ ಪದ್ಧತಿಯವು. ಹಾಗಾದರೆ ಅಮೆರಿಕದ ಮತದಾರನ ಬೇಸರವು ನಮಗೆ ಪರಕೀಯವೆ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ನೋಡೋಣ. 2017ರ ಆಯವ್ಯಯದಲ್ಲಿ ಘೋಷಿತವಾದ ನ್ಯಾಮತಿ ತಾಲ್ಲೂಕಿಗೆ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಿಲ್ಲ. ಅದು ಹೊನ್ನಾಳಿಯೊಳಗೇ ಇದೆ. ಆದುದರಿಂದ ಕ್ಷೇತ್ರಗಳು ಮೂರು. 2013ರಲ್ಲಿ ಮೂರೂ ಕಾಂಗ್ರೆಸ್ಸಿಗೆ ಒಲಿದವು. 2018ರಲ್ಲಿ ಮೂರೂ ಭಾರತೀಯ ಜನತಾ ಪಕ್ಷಕ್ಕೆ. 2023ರಲ್ಲಿ ಮತ್ತೆ ಮೂರೂ ಕಾಂಗ್ರೆಸ್ಸಿಗೆ. ಹೊನ್ನಾಳಿಯಲ್ಲಂತೂ ಈ ಮೂರು ಸಲವೂ ಸ್ಥಾನವು ಅದೇ ಇಬ್ಬರ ನಡುವೆ ಕೈಬದಲಾಯಿಸಿತು. ತೊಟ್ಟಿಲು ಆ ಕಡೆಗೂ ಈ ಕಡೆಗೂ ತೂಗಿತೇ ಹೊರತು ಇದ್ದ ಸ್ಥಳದಿಂದ ಕದಲಲಿಲ್ಲ.

ಈ ಏಕರೂಪತೆ ಸಹಜವೆನ್ನಲು ನೆಲದಲ್ಲಿ ಏಕರೂಪತೆಯಿಲ್ಲ. ಚನ್ನಗಿರಿಯದು ಸೂಳೆಕೆರೆಯ, ಅಡಕೆ ತೋಟಗಳ ಸೀಮೆ. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ಜಗಳೂರು ಬರಕ್ಕೆ ಹೆಸರಾದ ಬಯಲು. ನದಿಯ ನೀರನ್ನು ಎತ್ತಿ ತಂದು 57 ಕೆರೆಗಳನ್ನು ತುಂಬಿಸುವ ಯೋಜನೆಯೇ ಅಲ್ಲಿಯ ದೊಡ್ಡ ಮಾತು. ಅಡಕೆಯ ಧಾರಣೆಯನ್ನು ಚಿಂತಿಸುವವನೂ ಕುಡಿಯುವ ನೀರನ್ನು ಚಿಂತಿಸುವವನೂ ಮೂರು ಸಲವೂ ಒಂದೇ ಉತ್ತರವನ್ನು ಕೊಟ್ಟರೆಂದರೆ, ಅವರ ಮುಂದಿಟ್ಟ ಪ್ರಶ್ನೆ ಅವರ ಊರಿನದಾಗಿರಲಿಲ್ಲವೆಂದೇ ನಾವು ತಿಳಿಯಬೇಕಾಗುತ್ತದೆ. ಪ್ರತಿನಿಧಿಯು ಮೂಲವನ್ನು ಹೋಲಬೇಕೆಂಬ ನಿಯಮ ಇಲ್ಲಿ ಸಡಿಲವಾಗಿದೆ. ಅವನು ಊರನ್ನು ಹೋಲುವುದಕ್ಕಿಂತ ಪಕ್ಷವನ್ನು ಹೋಲುತ್ತಾನೆ.

ಲೋಕಸಭೆಯ ಲೆಕ್ಕ ಇನ್ನೂ ಇಕ್ಕಟ್ಟಿನದು. ಇಂದು ಈ ನಾಲ್ಕೂ ತಾಲ್ಲೂಕುಗಳು ಸೇರಿರುವ ದಾವಣಗೆರೆ ಕ್ಷೇತ್ರದಲ್ಲಿ 1996ರಿಂದ 2024ರವರೆಗೆ ನಡೆದ ಎಂಟು ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರೆಲ್ಲರೂ ಎರಡು ಮನೆತನಗಳವರು, ಎರಡು ಪಕ್ಷಗಳವರು. 2024ರಲ್ಲಿ ಗೆಲುವಿನ ಅಂತರ 26,094 ಮತಗಳು. ಸ್ವತಂತ್ರ ಅಭ್ಯರ್ಥಿಯೊಬ್ಬರಿಗೆ ಬಿದ್ದ ಮತಗಳು ಅದಕ್ಕಿಂತ ಹೆಚ್ಚು. ಆ ಮತಗಳು ಎಣಿಕೆಗೆ ಬಂದವು, ಸದನಕ್ಕೆ ಬರಲಿಲ್ಲ.

ಈ ಸೀಮೆಯಲ್ಲಿ ಮೂರನೆಯ ದಾರಿಯೇ ಇರಲಿಲ್ಲವೆಂದು ಭಾವಿಸಬಾರದು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದಲ್ಲಿ ಗೆದ್ದು, ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದರು. ಅದನ್ನು ಭಾಷಾಭಿಮಾನವೆಂದಷ್ಟೇ ಹೊಗಳಿ ಬಿಡುವುದು ಸರಿಯಲ್ಲ. ಕಳುಹಿಸಿದವರು ಕೇಳಿದರೆ ತಿಳಿಯುವ ಮಾತನ್ನು ಸದನದಲ್ಲಿ ಆಡುವುದೇ ಸಾದೃಶ್ಯ. ಪ್ರಾತಿನಿಧ್ಯದ ಮೊದಲ ನಿಯಮ ಅಂದು ಪಾಲಿತವಾಯಿತು. ಮುಂದೆ ಅವರು ಮುಖ್ಯಮಂತ್ರಿಗಳಾಗಿದ್ದಾಗಲೇ, 1997ರಲ್ಲಿ, ದಾವಣಗೆರೆ ಜಿಲ್ಲೆ ರಚಿತವಾಯಿತು. 1999ರಲ್ಲಿ ಜನತಾದಳ ಒಡೆಯಿತು. ಈಚಿನ ಫಲಿತಾಂಶಗಳಲ್ಲಿ ಆ ಪ್ರವಾಹದ ಗುರುತು ಈ ಕ್ಷೇತ್ರಗಳಲ್ಲಿ ಕಾಣುವುದಿಲ್ಲ.

ಎರಡು ಪಕ್ಷಗಳಿದ್ದರೆ ಹೊಣೆ ಸ್ಪಷ್ಟವಾಗುತ್ತದೆ, ಸರ್ಕಾರ ಸ್ಥಿರವಾಗುತ್ತದೆ, ತಪ್ಪಿದವರನ್ನು ಇಳಿಸಬಹುದು ಎಂಬ ವಾದ ಹಗುರವಾದುದಲ್ಲ. 1949ರ ಜನವರಿಯಲ್ಲಿ ಸಂವಿಧಾನ ಸಭೆಯ ಮುಂದೆ ಅನುಪಾತ ಪ್ರಾತಿನಿಧ್ಯದ ಸೂಚನೆ ಬಂದಾಗ, ಜನರ ಅಕ್ಷರಜ್ಞಾನದ ಕೊರತೆಯನ್ನೂ ಸರ್ಕಾರದ ಸ್ಥಿರತೆಯನ್ನೂ ಮುಂದಿಟ್ಟು ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮೊದಲನೆಯ ಕಾರಣ ಇಂದು ಬಹುಮಟ್ಟಿಗೆ ಕರಗಿದೆ. ಎರಡನೆಯದಾದರೂ ಪೂರ್ತಿ ನಿಂತಿದೆಯೆ? ಜಗಳೂರಿನಲ್ಲಿ 2008ರಲ್ಲಿ ಕಾಂಗ್ರೆಸ್ಸಿನಿಂದ ಆಯ್ಕೆಯಾದ ಶಾಸಕರೇ ರಾಜೀನಾಮೆ ಕೊಟ್ಟು, 2011ರ ಉಪಚುನಾವಣೆಯಲ್ಲಿ ಎದುರು ಪಕ್ಷದಿಂದ ಆಯ್ಕೆಯಾದರು. 1985ರ ಪಕ್ಷಾಂತರ ನಿಷೇಧವು ಶಾಸಕನನ್ನು ಪಕ್ಷದ ಆಜ್ಞೆಗೆ ಕಟ್ಟಿತು, ಕ್ಷೇತ್ರದ ಮಾತಿಗೆ ಕಟ್ಟಲಿಲ್ಲ; ರಾಜೀನಾಮೆಯ ಬಾಗಿಲನ್ನು ಮುಚ್ಚಲೂ ಇಲ್ಲ.

ಹಾಗೆಂದು ಪಕ್ಷಗಳೇ ಬೇಡವೆನ್ನುವುದು ನಮ್ಮ ಮತವಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆಗಳು ಪಕ್ಷದ ಚಿಹ್ನೆಗಳಿಲ್ಲದೆ ನಡೆಯುತ್ತವೆ. ಪಕ್ಷಗಳು ಅಲ್ಲಿಯೂ ಹಿತ್ತಲ ಬಾಗಿಲಿನಿಂದ ಬರುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಆಕ್ಷೇಪವಿರುವುದು ಬೇರೆಡೆ. ಇಬ್ಬರಲ್ಲಿ ಒಬ್ಬನನ್ನು ಇಳಿಸಲು ಇನ್ನೊಬ್ಬನನ್ನು ಏರಿಸಲೇಬೇಕಾದಲ್ಲಿ ಮತದಾರನಿಗಿರುವುದು ನಿರಾಕರಿಸುವ ಅಧಿಕಾರವೇ ಹೊರತು ನಿಯೋಜಿಸುವ ಅಧಿಕಾರವಲ್ಲ. ಮೂರು ಕ್ಷೇತ್ರಗಳು ಹತ್ತು ವರ್ಷಗಳಲ್ಲಿ ಎರಡು ಸಲ ಒಟ್ಟಾಗಿ ಮಗ್ಗುಲು ಬದಲಿಸಿದ್ದನ್ನು ಜಾಗೃತಿಯೆಂದು ಕೊಂಡಾಡುವ ಮೊದಲು, ಅದು ನಿದ್ರೆ ಬಾರದವನ ಹೊರಳಾಟವೂ ಆಗಿರಬಹುದೆಂದು ನಾವು ಶಂಕಿಸಬೇಕು.

ಮೊದಲಿಗೆ ಹೇಳಿದ ಎರಡನೆಯ ನಿಯಮ ಇಲ್ಲಿ ಮುಖ್ಯವಾಗುತ್ತದೆ. ಈ ಯಜ್ಞದಲ್ಲಿ ಯಜಮಾನನು ಮತದಾರ. ಅವನ ಪರವಾಗಿ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಮಾತನಾಡಲು ಇನ್ನೊಬ್ಬನು ಹೋಗಬಹುದು. ಆದರೆ ಏನನ್ನು ಬೇಡಬೇಕೆಂಬ ಸಂಕಲ್ಪವನ್ನು ಅವನ ಪರವಾಗಿ ಬೇರೊಬ್ಬರು ಮಾಡಲಾಗದು. ಚುನಾವಣಾ ಪದ್ಧತಿಯ ತಿದ್ದುಪಡಿಯ ಚರ್ಚೆ ವಿದ್ವಾಂಸರಲ್ಲಿ ನಡೆಯಲಿ. ಅದು ಮುಗಿಯುವವರೆಗೂ ಕಾಯದೆ, ಜಗಳೂರಿನವನು ಜಗಳೂರಿನ ಪ್ರಶ್ನೆಯನ್ನೂ ನ್ಯಾಮತಿಯವನು ನ್ಯಾಮತಿಯ ಪ್ರಶ್ನೆಯನ್ನೂ ಇಬ್ಬರು ಅಭ್ಯರ್ಥಿಗಳ ಮುಂದೂ ತಾನೇ ಇಡಬಹುದಾಗಿದೆ. ಸಂಕಲ್ಪವನ್ನೇ ಬಿಟ್ಟುಕೊಟ್ಟ ಯಜಮಾನನು ಫಲ ಬರಲಿಲ್ಲವೆಂದು ಋತ್ವಿಜರನ್ನು ದೂರಿ ಪ್ರಯೋಜನವಿಲ್ಲ.