ಪ್ಲಾಸ್ಟಿಕ್ಕಿಗೂ ಒಂದು ಹದವಿದೆ

ಸ್ಕ್ರೂಡ್ರೈವರ್ ಮೊನೆ ಒಮ್ಮೆ ತಾಗಿದ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಗುರುತು ಉಳಿದೇ ಉಳಿಯುತ್ತದೆ. ಪಾಲಿಷ್ ತಿಕ್ಕಿದರೂ ಹೋಗದು. ಅಲ್ಲಿ ಕೆತ್ತಿಹೋಗಿರುವುದು ಹೊಳಪಲ್ಲ, ಪ್ಲಾಸ್ಟಿಕ್ಕಿನ ಮೈ. ಎಸಿ ವೆಂಟ್ ಕಳಚುವಾಗ ಆಗುವ ಹಾನಿಗಳಲ್ಲಿ ಇದು ಕಣ್ಣಿಗೆ ಕಾಣುವಂಥದ್ದು. ಕಾಣದೆ ಉಳಿಯುವುದು ಒಳಗೆ ಮುರಿದ ಕ್ಲಿಪ್ಪು. ವೆಂಟ್ ಮತ್ತೆ ತನ್ನ ಜಾಗದಲ್ಲಿ ಕೂತಂತೆ ತೋರುತ್ತದೆ, ಆದರೆ ರಸ್ತೆಯ ತಗ್ಗಿಗೆ ಚಕ್ರ ಇಳಿದಾಗಲೆಲ್ಲ ಕಿರುಗುಟ್ಟುತ್ತದೆ. ಇಂಥ ಹಾನಿಗೆ ಪ್ಲಾಸ್ಟಿಕ್ಕನ್ನು ದೂರುವುದು ರೂಢಿ. ನನ್ನ ಪ್ರಕಾರ ಪ್ಲಾಸ್ಟಿಕ್ಕಿನದು ತಪ್ಪಿಲ್ಲ, ಕೈಯ ಬಲವೂ ಕಡಿಮೆಯಾಗಿರುವುದಿಲ್ಲ; ತಪ್ಪುವುದು ಹದ.

ವೆಂಟನ್ನು ಹಿಡಿದಿಡುವ ಕ್ಲಿಪ್ಪನ್ನು ನಮ್ಮಲ್ಲಿ ಲಾಕ್ ಎನ್ನುತ್ತಾರೆ. ಹಾಗೆ ಕರೆಯುವುದರಿಂದಲೇ ಅದನ್ನು ಒಡೆದು ತೆರೆಯಬೇಕೆಂಬ ಭಾವನೆ ಹುಟ್ಟುತ್ತದೇನೋ. ನಿಜದಲ್ಲಿ ಅದು ತುದಿಯಲ್ಲಿ ಕೊಕ್ಕೆಯಿರುವ ಪ್ಲಾಸ್ಟಿಕ್ಕಿನ ಕಿರುನಾಲಗೆ, ಅಂದರೆ ಒಂದು ಸ್ಪ್ರಿಂಗು. ಕಾರ್ಖಾನೆಯಲ್ಲಿ ವೆಂಟನ್ನು ಅಂಟು ಹಾಕಿ ಕೂರಿಸುವುದಿಲ್ಲ. ಒತ್ತಿದಾಗ ನಾಲಗೆ ಬಾಗಿ ಒಳಹೋಗುತ್ತದೆ, ಟಕ್ಕೆಂದು ನೆಟ್ಟಗಾಗಿ ಕಚ್ಚಿಕೊಳ್ಳುತ್ತದೆ. ಹೊರಬರುವಾಗಲೂ ಅದು ಅಷ್ಟೇ ಬಾಗಿದರೆ ಸಾಕು. ಮುರಿದ ಕ್ಲಿಪ್ಪಿನ ಬುಡವನ್ನು ನೋಡಿದರೆ ಕಪ್ಪು ಮೈಯಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ. ತಾಳಿಕೆ ಮೀರಿ ಬಾಗಿಸಿದ್ದಕ್ಕೆ ಅದೇ ಸಾಕ್ಷಿ. ಬಂದ ದಾರಿಯಲ್ಲೇ ನೇರವಾಗಿ ಎಳೆಯುವುದನ್ನು ಬಿಟ್ಟು ಒಂದು ಮೂಲೆಯಿಂದ ಮೀಟಿ ತಿರುಚಿದರೆ ನಾಲ್ಕು ಕ್ಲಿಪ್ಪು ಹಂಚಿಕೊಳ್ಳಬೇಕಾದ ಭಾರವನ್ನು ಒಂದೇ ಹೊರಬೇಕಾಗುತ್ತದೆ.

ದಿಕ್ಕಿನಷ್ಟೇ ಮುಖ್ಯವಾದದ್ದು ಹೊತ್ತು. 2018ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೇಸಿಗೆಯಲ್ಲಿ ನಿಲ್ಲಿಸಿದ ಕಾರುಗಳ ಒಳಗಿನ ಶಾಖವನ್ನು ಅಳೆದು ಪ್ರಕಟಿಸಿದರು. ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಸರಾಸರಿ ಸುಮಾರು 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ನೆರಳಲ್ಲಿದ್ದದ್ದು 48ರ ಆಸುಪಾಸಿನಲ್ಲಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರಗಳಿಗೆ ಈ ಲೆಕ್ಕ ದೂರದ್ದಲ್ಲ. ಅಷ್ಟು ಕಾದ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ. ಮೀಟುಗೋಲು ಊರಿದಲ್ಲಿ ತಗ್ಗು ಬೀಳುತ್ತದೆ. ಡಿಸೆಂಬರಿನ ನಸುಕಿನಲ್ಲಿ ಅದೇ ಪ್ಲಾಸ್ಟಿಕ್ ಬಿರುಸಾಗಿ, ಬಾಗಲು ಹಟ ಮಾಡುತ್ತದೆ. ವರ್ಷಗಟ್ಟಲೆ ಬಿಸಿಲು ಕುಡಿದ ಹಳೆಯ ಕಾರಿನಲ್ಲಂತೂ ಅದು ಮೊದಲೇ ಪೆಡಸು. ಎರೆ ಹೊಲ ಹಸಿಯಿದ್ದಾಗ ನೇಗಿಲಿಗೆ ಮೆತ್ತುತ್ತದೆ, ಒಣಗಿದಾಗ ಹೆಂಟೆ ಏಳುತ್ತದೆ. ನಡುವಿನ ಹದ ನೋಡಿ ಹೂಡುವ ಈ ಸೀಮೆಯ ರೈತನಿಗೆ ನಾನು ಹೊಸದೇನನ್ನೂ ಹೇಳುತ್ತಿಲ್ಲ. ಬೇಸಿಗೆಯಾದರೆ ಕಾರು ನೆರಳಲ್ಲಿ ಎರಡು ತಾಸು ನಿಂತ ಮೇಲಿನ ಸಂಜೆ, ಚಳಿಗಾಲವಾದರೆ ಬಿಸಿಲೇರಿ ಒಳಗು ಬೆಚ್ಚಗಾದ ಹೊತ್ತು ಈ ಕೆಲಸಕ್ಕೆ ತಕ್ಕದ್ದು.

ಅದಕ್ಕೂ ಮೊದಲು ಕಳಚುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳಬೇಕು. ಗಾಳಿ ಕಡಿಮೆ, ಮುಗ್ಗಲು ವಾಸನೆ ಎಂಬ ದೂರುಗಳ ಮೂಲ ಬಹುಪಾಲು ವೆಂಟಿನಲ್ಲಿ ಇರುವುದಿಲ್ಲ. ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರಿನಲ್ಲೋ, ಅದರಾಚೆಗಿನ ತಣ್ಣನೆಯ ಕಾಯಿಲಿನ ಹಸಿ ಮೈಗೆ ಅಂಟಿದ ಕೆಸರಿನಲ್ಲೋ ಇರುತ್ತದೆ. ಹತ್ತಿಯ ಎಳೆ, ತೊಗರಿ ರಾಶಿಯ ಹೊಟ್ಟು, ಎರೆಮಣ್ಣಿನ ನುಣ್ಣನೆಯ ಧೂಳು ಮೂರೂ ಇರುವ ಸೀಮೆಯಲ್ಲಿ ಫಿಲ್ಟರು ಬೇಗ ಕಟ್ಟುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಹಲವಕ್ಕೆ ಫಿಲ್ಟರೇ ಇಲ್ಲ. ಪಂಕ್ಚರ್ ಅಂಗಡಿಯ ಹವಾ ಹೊಡೆಸಿದರೆ ಸಾಲದೆ ಎಂಬ ಪ್ರಶ್ನೆ ಸಹಜ. ಸಾಲದು. ಹೊರಗಿನಿಂದ ಹೊಡೆದ ಹವಾ ಧೂಳನ್ನು ಕೊಳವೆಯ ಒಳಕ್ಕೆ ತಳ್ಳುತ್ತದೆ. ಬ್ಲೋವರ್ ಹಾಕಿದೊಡನೆ ಅದೇ ಧೂಳು ಮುಖಕ್ಕೆ ಬರುತ್ತದೆ. ರೆಕ್ಕೆಗಳ ಮೇಲಿನ ಧೂಳಿಗೆ ಮೆತ್ತನೆಯ ಬ್ರಷ್ಷು ಸಾಕು. ರೆಕ್ಕೆ ಮುರಿದಿದ್ದರೆ, ಅದರ ಕೊಂಡಿ ಕಳಚಿದ್ದರೆ, ಒಳಕ್ಕೆ ನಾಣ್ಯವೋ ಪೆನ್ನಿನ ಮುಚ್ಚಳವೋ ಬಿದ್ದಿದ್ದರೆ ಮಾತ್ರ ವೆಂಟ್ ಹೊರಬರಬೇಕು.

ಹೊರತೆಗೆಯುವಾಗ ಕೈಗಿಂತ ಮೊದಲು ಕಣ್ಣಿಗೆ ಕೆಲಸ. ಟಾರ್ಚ್ ಹಾಕಿ ಸ್ಕ್ರೂ ಇದೆಯೇ ಎಂದು ಹುಡುಕಬೇಕು. ನಡುವಿನ ಜೋಡಿ ವೆಂಟುಗಳು ಎಷ್ಟೋ ಕಾರುಗಳಲ್ಲಿ ಮ್ಯೂಸಿಕ್ ಸಿಸ್ಟಂ ಸುತ್ತಲಿನ ಫಲಕದ ಭಾಗವೇ ಆಗಿರುತ್ತವೆ. ಸ್ಕ್ರೂ ಬಿಚ್ಚದೆ ಎಳೆದರೆ ಫಲಕದ ಕಿವಿ ಕಿತ್ತು ಬರುತ್ತದೆ, ಹಿಂದಿನ ಹಜಾರ್ಡ್ ಸ್ವಿಚ್ಚಿನ ವೈರೂ ಜಗ್ಗುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇನ್ನೂ ಎಚ್ಚರ ಬೇಕು. 2022ರಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಚಾಲಕನ ಪಕ್ಕದವರಿಗೂ ಅದು ಇದ್ದೇ ಇರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಕೈ ಹಾಕಬೇಕು. ಏರ್‌ಬ್ಯಾಗಿನ ಹಳದಿ ವೈರನ್ನು ಮುಟ್ಟಲೇಬಾರದು. ವೆಂಟಿನ ಸುತ್ತ ಕಾಗದದ ಅಂಟುಪಟ್ಟಿ ಹಚ್ಚಿ, ನೈಲಾನಿನ ಚಪ್ಪಟೆ ಮೀಟುಗೋಲನ್ನು ಸಂದಿಗೆ ತೂರಿಸಿ, ಒಂದು ಬದಿ ತುಸು ಸಡಿಲಾದೊಡನೆ ಎದುರು ಬದಿಗೆ ಹೋಗಬೇಕು. ರೆಕ್ಕೆ ಹಿಡಿದು ಎಳೆಯುವುದು ಬೇಡ. ಅದು ತಿರುಗುವ ಮೊಳೆ ಅಕ್ಕಿಕಾಳಿನಷ್ಟೂ ದಪ್ಪವಿರುವುದಿಲ್ಲ. ಚೌಕಟ್ಟನ್ನೇ ಹಿಡಿದು ನೇರವಾಗಿ ತನ್ನತ್ತ ಎಳೆಯಬೇಕು. ಬಾರದಿದ್ದರೆ ಬಲ ಹೆಚ್ಚಿಸದೆ ನಿಲ್ಲಿಸಿ, ಇನ್ನೊಂದು ಸ್ಕ್ರೂ ಹುಡುಕುವುದು ಜಾಣತನ. ಹೊರಬಂದ ಮೇಲೆ ಕೊಳವೆಯ ಬಾಯಿಗೆ ಬಟ್ಟೆ ತುರುಕಬೇಕು. ತೊಳೆಯಲು ಸೋಪಿನ ನೀರು, ಒಣಗಲು ನೆರಳು. ಪೆಟ್ರೋಲ್ ಅಥವಾ ಥಿನ್ನರ್ ತಾಗಿದರೆ ವೆಂಟುಗಳಲ್ಲಿ ಬಳಸುವ ಎಬಿಎಸ್ ಪ್ಲಾಸ್ಟಿಕ್ ಕೂದಲೆಳೆಯ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಏಕೆ, ಮಿಸ್ತ್ರಿ ಸ್ಕ್ರೂಡ್ರೈವರಿನಿಂದ ಎರಡು ನಿಮಿಷದಲ್ಲಿ ತೆಗೆಯುತ್ತಾನಲ್ಲ ಎನ್ನುವವರಿದ್ದಾರೆ. ತೆಗೆಯುತ್ತಾನೆ, ನಿಜ. ಆ ಕೈಯ ಅನುಭವವನ್ನು ನಾನು ಗೌರವಿಸುತ್ತೇನೆ. ಇಂಜಿನ್ ಬಿಚ್ಚಿ ಕೂರಿಸುವವರಿಗೆ ಕ್ಲಿಪ್ಪೊಂದು ದೊಡ್ಡದಲ್ಲ. ಆದರೆ ಕಬ್ಬಿಣಕ್ಕೆ ಪಳಗಿದ ಕೈ ಪ್ಲಾಸ್ಟಿಕ್ಕಿಗೂ ಅದೇ ಬಲ ಹಾಕಿದರೆ ಉಳಿಸಿದ ಹತ್ತು ನಿಮಿಷದ ಬೆಲೆಯನ್ನು ಮಾಲೀಕ ತೆರುತ್ತಾನೆ. ಕ್ಲಿಪ್ಪು ಸಾಮಾನ್ಯವಾಗಿ ಬಿಡಿಯಾಗಿ ಸಿಗುವುದಿಲ್ಲ. ಇಡೀ ವೆಂಟನ್ನೋ, ಕೆಲವು ಕಾರುಗಳಲ್ಲಿ ಇಡೀ ಫಲಕವನ್ನೋ ಕೊಳ್ಳಬೇಕು. ಯಾದಗಿರಿ, ಶಹಾಪುರ, ಸುರಪುರದ ಗ್ಯಾರೇಜುಗಳ ಮಿಸ್ತ್ರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪಾನಾಗಳ ಡಬ್ಬಿಯಲ್ಲಿ ಒಂದು ನೈಲಾನ್ ಮೀಟುಗೋಲಿಗೂ ಜಾಗ ಕೊಡಿ. ಕಾರಿನವರೇ, ಕೆಲಸ ಸಂಜೆಗೆ ಮಾಡುತ್ತೇನೆಂದು ಮಿಸ್ತ್ರಿ ಹೇಳಿದರೆ ಅವಸರ ಮಾಡಬೇಡಿ, ಕಾರನ್ನು ನೆರಳಲ್ಲಿ ಬಿಟ್ಟು ಬನ್ನಿ.