ನಿಲ್ಲಿಸದ ಎಚ್ಚರಿಕೆ

ಮಂಗಳೂರಿನ ಕಾಲೇಜುಗಳಲ್ಲಿ ಗಣಕ ಪ್ರಯೋಗಾಲಯವನ್ನು ನೋಡಿಕೊಳ್ಳುವವರಿಗೆ ಮೇ ತಿಂಗಳ ಕೊನೆಯ ದಿನಗಳೆಂದರೆ ಭಯ. ಮೊದಲ ಗುಡುಗು ಮಳೆಯೊಡನೆ ಜಾಲದ ಸ್ವಿಚ್ಚುಗಳು ಒಂದೊಂದಾಗಿ ಕೈಕೊಡುತ್ತವೆ. ಯಾವುದು ಕೆಟ್ಟಿದೆ ಎಂದು ಮಹಡಿಯಿಂದ ಮಹಡಿಗೆ ಓಡುವ ಬದಲು ಜಾಲದ ಮೇಲೆ ಕಣ್ಣಿಡುವ ತಂತ್ರಾಂಶವನ್ನು ಅಳವಡಿಸಬಹುದು. ಇಂಥವುಗಳಲ್ಲಿ ನಾಗಿಯೋಸ್ ಹೆಸರಾದದ್ದು. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಇದನ್ನು ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದರು. ಈಗಿನ ಹೆಸರು 2002ರದು. ಬರೆದಿರುವುದು ಸಿ ಭಾಷೆಯಲ್ಲಿ. ಆಕರ ಸಂಕೇತ ಎಲ್ಲರಿಗೂ ಮುಕ್ತ.

ಅದರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಆಕರದಿಂದ ಕಟ್ಟುವವರೊಡನೆ ಅದು ಮಾತನಾಡುವ ರೀತಿಯನ್ನಷ್ಟೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಉಬುಂಟುವಿನಲ್ಲಿ ಒಂದೇ ಆಜ್ಞೆಗೆ ಸಿದ್ಧ ಪೊಟ್ಟಣ ಸಿಗುವಾಗ ಈ ಶ್ರಮ ಏಕೆ ಎಂದು ನೀವು ಕೇಳಬಹುದು. ಪ್ರಯೋಗಾಲಯ ನಡೆಸಲು ಪೊಟ್ಟಣವೇ ಸಾಕು. ವಿದ್ಯಾರ್ಥಿಗೆ ಕಲಿಸಲು ಸಾಲದು.

ಕಟ್ಟುವ ಕೆಲಸದಲ್ಲಿ ಮೂರು ಹಂತಗಳಿವೆ. 'ಕಾನ್ಫಿಗರ್' ಎಂಬ ಲಿಪಿಯು ನಿಮ್ಮ ಗಣಕದಲ್ಲಿ ಏನಿದೆ, ಏನಿಲ್ಲ ಎಂದು ತಪಾಸಣೆ ಮಾಡುತ್ತದೆ. 'ಮೇಕ್' ಆಜ್ಞೆಯು ಕಂಪೈಲರನ್ನೂ ಅದರ ಬಳಿಕ ಲಿಂಕರನ್ನೂ ಕರೆಯುತ್ತದೆ. ಕೊನೆಯದು ಸ್ಥಾಪನೆ. ಇಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಸರಳವಾದವು. 'ಓಪನ್‌ಎಸ್‌ಎಸ್‌ಎಲ್‌ನ ಹೆಡರ್ ಕಡತ ಇಲ್ಲ' ಎಂದರೆ ಆ ಗ್ರಂಥಾಲಯ ನಿಮ್ಮಲ್ಲಿ ಇದ್ದರೂ ಅದರ ಅಭಿವೃದ್ಧಿ ಪೊಟ್ಟಣ ಇಲ್ಲವೆಂದು ಅರ್ಥ. ಉಬುಂಟುವಿನಲ್ಲಿ ಅದರ ಹೆಸರು ಲಿಬ್‌ಎಸ್‌ಎಸ್‌ಎಲ್-ಡೆವ್. ಪರದೆಯ ಮೇಲೆ ನೂರು ಸಾಲು ದೋಷ ಹರಿದರೂ ಮೊದಲನೆಯದನ್ನು ಮಾತ್ರ ಓದಿರಿ. ಉಳಿದವು ಹೆಚ್ಚಾಗಿ ಅದರ ಮರಿಗಳು.

ಲಿಂಕರ್ ಹೇಳುವ ದೋಷ ಇದಕ್ಕಿಂತ ಸ್ವಾರಸ್ಯದ್ದು. ಹಳೆಯ ಆಕರವನ್ನು ಹೊಸ ಗಣಕದಲ್ಲಿ ಕಟ್ಟಿದಾಗ 'ಮಲ್ಟಿಪಲ್ ಡೆಫಿನಿಷನ್' ಎಂಬ ದೂರು ಬರುವುದುಂಟು. ಹೆಡರ್ ಕಡತವೊಂದರಲ್ಲಿ 'ಎಕ್ಸ್‌ಟರ್ನ್' ಎನ್ನದೆ ಒಂದು ಚರವನ್ನು ಬರೆದು, ಆ ಹೆಡರನ್ನು ಐದು ಕಡತಗಳು ಸೇರಿಸಿಕೊಂಡರೆ ಐದು ಚರಗಳು ಹುಟ್ಟಬೇಕಷ್ಟೆ? ಜಿಸಿಸಿಯ ಹಳೆಯ ಆವೃತ್ತಿಗಳಲ್ಲಿ ಅವೆಲ್ಲ ಕೂಡಿ ಸದ್ದಿಲ್ಲದೆ ಒಂದೇ ಆಗುತ್ತಿದ್ದವು. 2020ರಲ್ಲಿ ಬಂದ ಹತ್ತನೆಯ ಆವೃತ್ತಿಯಿಂದ ಈ ಔದಾರ್ಯ ನಿಂತಿತು. 'ಎಫ್‌ಕಾಮನ್' ಎಂಬ ಆಯ್ಕೆ ಕೊಟ್ಟರೆ ಹಳೆಯ ನಡತೆ ಮರಳುತ್ತದೆ, ದೂರೂ ಅಡಗುತ್ತದೆ. ಹೆಡರಿನಲ್ಲಿ ಎಕ್ಸ್‌ಟರ್ನ್ ಬರೆದು, ಒಂದೇ ಒಂದು ಕಡತದಲ್ಲಿ ಚರವನ್ನು ನಿರೂಪಿಸುವುದು ನಿಜವಾದ ಪರಿಹಾರ. ನನ್ನ ವಿದ್ಯಾರ್ಥಿಗಳು ಹತ್ತರಲ್ಲಿ ಒಂಬತ್ತು ಬಾರಿ ಮೊದಲನೆಯದನ್ನೇ ಹಿಡಿಯುತ್ತಾರೆ. ದೂರುವುದಾದರೆ ನಮ್ಮನ್ನೇ ದೂರಬೇಕು: ಸಿ ಪ್ರಯೋಗಾಲಯದಲ್ಲಿ ನಾವು ಕೊಡುವ ಅಭ್ಯಾಸಗಳೆಲ್ಲ ಒಂದೇ ಕಡತದವು, ಲಿಂಕರ್ ಎಂಬುದೊಂದಿದೆ ಎಂದು ಮಕ್ಕಳಿಗೆ ತಿಳಿಯುವ ಸಂದರ್ಭವೇ ಒದಗುವುದಿಲ್ಲ.

ಇಷ್ಟಾದರೂ ಇವೆಲ್ಲ ಪ್ರಾಮಾಣಿಕ ದೋಷಗಳು. ಕೆಲಸವನ್ನು ನಿಲ್ಲಿಸಿ, ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ತೋರಿಸುತ್ತವೆ. ನನ್ನ ಆಕ್ಷೇಪ ಇರುವುದು ನಾಗಿಯೋಸ್ ಪ್ಲಗಿನ್‌ಗಳ ಬಗ್ಗೆ. ಜಾಲವನ್ನು ನಿಜವಾಗಿ ಪರೀಕ್ಷಿಸುವವು ಈ ಪುಟ್ಟ ಕಾರ್ಯಕ್ರಮಗಳೇ. ಮುಖ್ಯ ತಂತ್ರಾಂಶವು ಅವನ್ನು ಓಡಿಸಿ ಫಲಿತಾಂಶವನ್ನು ಪಡೆಯುತ್ತದೆ. 0 ಎಂದರೆ ಕ್ಷೇಮ, 1 ಎಚ್ಚರಿಕೆ, 2 ಗಂಭೀರ, 3 ತಿಳಿಯದು. ಸ್ವಿಚ್ಚಿನ ಸ್ಥಿತಿ ಕೇಳುವ 'ಚೆಕ್ ಎಸ್‌ಎನ್‌ಎಂಪಿ' ಪ್ಲಗಿನ್ ಒಳಗಿಂದೊಳಗೆ 'ಎಸ್‌ಎನ್‌ಎಂಪಿಗೆಟ್' ಎಂಬ ಬೇರೊಂದು ಕಾರ್ಯಕ್ರಮವನ್ನು ಅವಲಂಬಿಸಿದೆ. ಕಟ್ಟುವಾಗ ಅದು ಸಿಗದಿದ್ದರೆ ಕಾನ್ಫಿಗರ್ ಒಂದು ಸಾಲಿನ ಎಚ್ಚರಿಕೆಯನ್ನು ಅಚ್ಚುಮಾಡಿ ಮುಂದೆ ಹೋಗುತ್ತದೆ. ಆ ಸಾಲು ನೂರಾರು ಸಾಲುಗಳ ನಡುವೆ ಮೇಲೆ ಸರಿದು ಮರೆಯಾಗುತ್ತದೆ. ಮೇಕ್ ಯಶಸ್ವಿ, ಸ್ಥಾಪನೆ ಯಶಸ್ವಿ. ಪ್ಲಗಿನ್ ಮಾತ್ರ ಇಲ್ಲ.

ನಾನು ಕಂಡ ಒಂದು ಪ್ರಯೋಗಾಲಯದಲ್ಲಿ ಹೀಗೇ ಆಯಿತು. ಮಳೆಯ ಮರುದಿನ ಪರದೆಯಲ್ಲಿ ಎರಡು ಸ್ವಿಚ್ಚುಗಳ ಎದುರು ದೋಷ ಕಾಣಿಸಿತು. ಸಿಡಿಲಿನ ಕೆಲಸವೆಂದು ಹುಡುಗರು ಸ್ವಿಚ್ಚುಗಳನ್ನು ಕಳಚಿ ಕೆಳಗಿಳಿಸಿದರು. ಎರಡೂ ಚೆನ್ನಾಗಿಯೇ ಇದ್ದವು! ಸಂದೇಶವನ್ನು ಯಾರೂ ಪೂರ್ತಿ ಓದಿರಲಿಲ್ಲ. ಅದರಲ್ಲಿ 127 ಎಂಬ ಸಂಖ್ಯೆ ಇತ್ತು. ಅದು ಮೇಲೆ ಹೇಳಿದ ನಾಲ್ಕರಲ್ಲಿ ಒಂದಲ್ಲ. 'ಇಂಥ ಆಜ್ಞೆಯೇ ಇಲ್ಲ' ಎಂದು ಯೂನಿಕ್ಸ್‌ನ ಶೆಲ್ ಹೇಳುವ ಸಂಖ್ಯೆ. ಪ್ಲಗಿನ್ ಕಾಣೆಯಾಗಿರಬಹುದು ಎಂದೂ ಪಕ್ಕದಲ್ಲೇ ಬರೆದಿತ್ತು. ಭೌತವಿಜ್ಞಾನದವರಿಗೆ ಇದು ಪರಿಚಿತ ಪರಿಸ್ಥಿತಿ: ಮಾಪಕ ಕೆಟ್ಟಿರುವುದನ್ನು ಅಳೆಯಬೇಕಾದ ವಸ್ತುವಿನ ಮೇಲೆ ಹೊರಿಸುವುದು.

ಐಚ್ಛಿಕ ಭಾಗವೊಂದು ಇಲ್ಲವೆಂದು ಇಡೀ ಕಟ್ಟಡವನ್ನು ನಿಲ್ಲಿಸಬಾರದೆಂಬ ವಾದವನ್ನು ನಾನು ಒಪ್ಪುತ್ತೇನೆ. ಡೇಟಾಬೇಸ್ ಇಲ್ಲದವನಿಗೆ ಮೈಎಸ್‌ಕ್ಯೂಎಲ್ ಪ್ಲಗಿನ್ ಏಕೆ? ಆದರೆ ಯಾವ ಯಾವ ಪ್ಲಗಿನ್‌ಗಳನ್ನು ಬಿಡಲಾಗಿದೆ ಎಂಬ ಪಟ್ಟಿಯನ್ನು ಕಟ್ಟಕಡೆಗೆ, ಕಣ್ಣಿಗೆ ಬೀಳುವಂತೆ ಕೊಡುವುದು ಕಷ್ಟದ ಕೆಲಸವೇನಲ್ಲ.

ನೀವು ಇದನ್ನು ಅಭ್ಯಾಸವಾಗಿ ಕೊಡುವುದಾದರೆ ಕಾನ್ಫಿಗರ್‌ನ ಬರಹವನ್ನೆಲ್ಲ ಒಂದು ಕಡತಕ್ಕೆ ಉಳಿಸಿಕೊಂಡು, ಅದರಲ್ಲಿ 'ವಾರ್ನಿಂಗ್' ಎಂಬ ಪದವನ್ನು ಗ್ರೆಪ್‌ನಿಂದ ಹುಡುಕಲು ಹೇಳಿರಿ. ಸ್ಥಾಪನೆಯಾದ ಬಳಿಕ 'ಲಿಬ್‌ಎಕ್ಸೆಕ್' ಕೋಶ ತೆರೆದು ಪ್ಲಗಿನ್‌ಗಳನ್ನು ಎಣಿಸಲಿ. ಬೇಕಾದ ಒಂದೊಂದನ್ನೂ ಕೈಯಿಂದಲೇ ಓಡಿಸಿ ನೋಡಲಿ. ಎಸ್‌ಎನ್‌ಎಂಪಿಗೆಟ್ ಅನ್ನು ಆಮೇಲೆ ಸೇರಿಸಿದರೆ ಅಷ್ಟಕ್ಕೇ ಪ್ಲಗಿನ್ ಹುಟ್ಟುವುದಿಲ್ಲ. ಕಾನ್ಫಿಗರ್‌ನಿಂದಲೇ ಮತ್ತೆ ಆರಂಭಿಸಬೇಕು.