ಪ್ರತಿಯೂ ಪ್ರಮಾಣವೂ: ಲಿನಕ್ಸ್ ರೇಡ್ ವಿಧಾನದ ವಿಮರ್ಶೆ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸುತ್ತಣ ಶಾಸನಗಳ ಛಾಯಾಚಿತ್ರಗಳನ್ನು ಸಂಶೋಧಕನೊಬ್ಬನು ಗಣಕಯಂತ್ರದಲ್ಲಿ ಕಾಪಿಡಬೇಕಾಗಿದೆಯೆಂದು ಭಾವಿಸೋಣ. ಡಿಸ್ಕು ಕೆಟ್ಟರೂ ಚಿತ್ರಗಳು ಉಳಿಯಬೇಕು. ಇದಕ್ಕೆ ಅವನಿಗೆ ದೊರೆಯುವ ಮೊದಲ ಸಲಹೆಯೇ ರೇಡ್. 1988ರಲ್ಲಿ ಬರ್ಕಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ನಿರೂಪಿಸಿದ ಈ ವಿಧಾನವನ್ನು ಲಿನಕ್ಸ್‌ನಲ್ಲಿ ಬೇರೆ ಯಂತ್ರಾಂಗದ ನೆರವಿಲ್ಲದೆ ‘ಎಂಡಿಎಡಿಎಂ’ ಎಂಬ ತಂತ್ರಾಂಶದಿಂದಲೇ ಏರ್ಪಡಿಸಬಹುದು.

ಇದರ ಗುಣವು ನಿರ್ವಿವಾದವಾದುದು. ಒಂದನೆಯ ಮಟ್ಟದಲ್ಲಿ 4 ಟೆರಾಬೈಟಿನ ಎರಡು ಡಿಸ್ಕುಗಳು ಒಂದೇ ಬರಹವನ್ನು ಹೊತ್ತಿರುತ್ತವೆ. ದೊರೆಯುವ ಸ್ಥಳ 4 ಟೆರಾಬೈಟು. ಐದನೆಯದರಲ್ಲಿ ಅಂಥವೇ ಮೂರು ಡಿಸ್ಕುಗಳಿಂದ 8 ಟೆರಾಬೈಟು ದೊರೆತು, ಯಾವುದಾದರೊಂದು ಕೆಟ್ಟರೆ ಉಳಿದೆರಡರಿಂದ ಅದನ್ನು ಪುನರ್ರಚಿಸಬಹುದು. ಸೊನ್ನೆಯ ಮಟ್ಟಕ್ಕೆ ಮಾತ್ರ ಈ ರಕ್ಷಣೆಯಿಲ್ಲ.

ದೋಷವಿರುವುದು ವಿಧಾನದಲ್ಲಲ್ಲ, ಅದರಿಂದ ನಾವು ನಿರೀಕ್ಷಿಸುವುದರಲ್ಲಿ. ಕೈತಪ್ಪಿ ಅಳಿಸಿದ ಕಡತವು ಎರಡು ಡಿಸ್ಕುಗಳಿಂದಲೂ ಒಮ್ಮೆಗೇ ಅಳಿಯುತ್ತದೆ. ಇನ್ನೂ ಸೂಕ್ಷ್ಮವಾದ ಸಂದರ್ಭವೊಂದುಂಟು. ಡಿಸ್ಕು ಕೆಡದೆಯೇ ಒಂದರಲ್ಲಿನ ಬರಹ ಮಾತ್ರ ವ್ಯತ್ಯಾಸಗೊಂಡರೆ, ತಪಾಸಣೆಯು ಎರಡೂ ಹೊಂದುವುದಿಲ್ಲವೆಂದು ಎಣಿಸಿ ಹೇಳಬಲ್ಲುದು. ಯಾವುದು ಸರಿಯೆಂದು ಹೇಳಲಾರದು. ದುರಸ್ತಿಗೆ ಆಜ್ಞಾಪಿಸಿದರೆ ಒಂದರ ಬರಹವನ್ನು ಮತ್ತೊಂದರ ಮೇಲೆ ಬರೆದುಬಿಡುತ್ತದೆ. ಆ ಒಂದು ತಪ್ಪಾಗಿದ್ದರೆ ಶುದ್ಧಪಾಠವೇ ನಷ್ಟವಾಯಿತು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಇಕ್ಕಟ್ಟು ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಶಾಸನಗಳು ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು. ಅಲ್ಲಿ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳಿವೆ. ಆದರೂ ಇವು ಮೂರು ಸಾಕ್ಷಿಗಳಲ್ಲ. ಕಲ್ಲನ್ನು ಓದಿದವನು ಒಂದಕ್ಷರ ತಪ್ಪಿದ್ದರೆ ಮೂರರಲ್ಲಿಯೂ ಅದೇ ತಪ್ಪು ಸೇರುತ್ತದೆ. ಅದನ್ನು ತಿದ್ದಲು ಮತ್ತೆ ಕಲ್ಲಿನ ಬಳಿಗೇ ಹೋಗಬೇಕು. ಪ್ರತಿಗಳ ಸಂಖ್ಯೆ ಪ್ರಮಾಣವಲ್ಲ. ಅವುಗಳ ಸ್ವಾತಂತ್ರ್ಯವೇ ಪ್ರಮಾಣ.

ಆದುದರಿಂದ ರೇಡನ್ನು ಏರ್ಪಡಿಸುವವರು ಎರಡು ಕೆಲಸಗಳನ್ನು ಬಿಡತಕ್ಕದ್ದಲ್ಲ. ಮೊದಲನೆಯದಾಗಿ, ಪ್ರತಿಯೊಂದು ಡಿಸ್ಕಿನ ಮೇಲೂ ‘ಡಿಎಂ-ಇಂಟೆಗ್ರಿಟಿ’ ಎಂಬ ಪದರವನ್ನಿಟ್ಟು ಅನಂತರ ರೇಡನ್ನು ಕಟ್ಟಬೇಕು. ಆಗ ಕೆಟ್ಟ ಬರಹವು ತನ್ನ ದೋಷವನ್ನು ತಾನೇ ತಿಳಿಸುವುದರಿಂದ ಇನ್ನೊಂದು ಡಿಸ್ಕಿನ ಬರಹವನ್ನು ಸ್ವೀಕರಿಸಲು ಆಧಾರವಿರುತ್ತದೆ. ಎರಡನೆಯದಾಗಿ, ಬೇರೊಂದು ಊರಿನಲ್ಲಿ, ಈ ಯಂತ್ರದ ಆಜ್ಞೆಗಳು ತಲುಪದ ಪ್ರತಿಯೊಂದಿರಬೇಕು. ಶಾಸನದ ಕಲ್ಲುಗಳು ಮಳೆಗಾಳಿಗಳಲ್ಲಿ ದಿನೇ ದಿನೇ ಸವೆಯುತ್ತಿವೆ. ಕಲ್ಲು ಪೂರ್ತಿ ಸವೆದ ದಿನ ಆ ದೂರದ ಪ್ರತಿಯೇ ನಮಗುಳಿಯುವ ಮೂಲ.